ಹಾಜರಿ ಪುಸ್ತಕ ತೋರಿಸದ ಅಕ್ಕೋರು

ಅಕ್ಕೋರ ಬಲ ಅಂಗೈ ಗಂಡಸರ ಅಂಗೈಗಿಂತ ಅಗಲವಾಗಿತ್ತು. ಪುಸ್ತಕಕ್ಕೆ ರಟ್ಟು ಹಾಕುವ ಅಂಟು ಹೆಬ್ಬೆರಳಿನ ಬುಡದಲ್ಲಿ ಒಣಗಿ, ಬಿಳಿ ಪೊರೆಯ ಹಾಗೆ ಸದಾ ಹತ್ತಿಕೊಂಡಿರುತ್ತಿತ್ತು. ಯಾರಾದರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಬಗ್ಗಿದರೆ ಆ ಅಂಗೈಯನ್ನು ಮೇಲಿನ ಸಾಲುಗಳ ಮೇಲೆ ಹಾಸಿಬಿಡುತ್ತಿದ್ದರು. ನಿಮಗಿಂತ ಮೊದಲು ಯಾರು ಬಂದಿದ್ದರು, ಏನು ಒಯ್ದರು ಎಂಬುದು ನಿಮಗೆ ಕಾಣುತ್ತಲೇ ಇರಲಿಲ್ಲ.

ದಾಂಡೇಲಿಯ ಆ ಸಣ್ಣ ವಾಚನಾಲಯವನ್ನು ನಾಲ್ಕಾರು ಜನ ಕಮಿಟಿ ಮಾಡಿಕೊಂಡು ನಡೆಸುತ್ತಿದ್ದರು. ಅಕ್ಕೋರು ಅಲ್ಲಿಯ ಗ್ರಂಥಪಾಲಕಿ. ಕಸ ಗುಡಿಸುವವರೂ ಅವರೇ, ಹರಿದ ಪುಸ್ತಕ ಹೊಲಿಯುವವರೂ ಅವರೇ. ನಾನು ಅಲ್ಲಿ ಕಾಲಿಟ್ಟಾಗ ಗಂಡನ ಮನೆ ಬಿಟ್ಟು ಎರಡು ತಿಂಗಳಾಗಿತ್ತು. ಮುಂಡಗೋಡ ಕಡೆಯ ಹಳ್ಳಿಯಿಂದ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದ್ದೆ. ಗಂಡ ಮುರಿದ ಎಡಗೈ ಇನ್ನೂ ಸರಿಯಾಗಿ ಕೂಡಿರಲಿಲ್ಲ. ಗೆಳತಿಯ ಕೋಣೆಯಲ್ಲಿದ್ದುಕೊಂಡು, ಮಧ್ಯಾಹ್ನದವರೆಗೆ ಟೇಲರ್ ಅಂಗಡಿಯಲ್ಲಿ ಗುಂಡಿ ಹಚ್ಚಿ, ಆಮೇಲೆ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಓದಲು ಅಲ್ಲಿಗೆ ಹೋಗುತ್ತಿದ್ದೆ.

ಮೊದಲ ದಿನ ಪೆನ್ನು ಹಿಡಿದು, “ಯಾವ ಹೆಸರು ಬರೀಲಿರಿ?” ಎಂದು ಕೇಳಿದ್ದೆ. ಅಕ್ಕೋರು ನನ್ನ ಕೈಗೆ ಕಟ್ಟಿದ್ದ ಪಟ್ಟಿ ನೋಡಿದರು. “ನಿನಗ ಯಾವುದು ಬೇಕೋ ಅದು,” ಎಂದರು. ಮತ್ತೇನೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಕಮಿಟಿಯವರು ಹೊಸ ನಿಯಮ ತಂದರು. ಒಂದೆರಡು ದುಬಾರಿ ಪುಸ್ತಕ ಕಳುವಾಗಿದ್ದೇ ನೆಪ. ಇನ್ನು ಮೇಲೆ ಆಧಾರ್ ನಂಬರು ಕೊಡಬೇಕು, ಮೊಬೈಲಿಗೆ ಬಂದ ಓಟಿಪಿ ಹೇಳಬೇಕು, ಯಾರು ಯಾವ ಪುಸ್ತಕ ಮುಟ್ಟಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಸೇರಬೇಕು. ಅದಕ್ಕೆಂದೇ ಒಬ್ಬ ಆಪರೇಟರನನ್ನೂ ಇಟ್ಟರು.

ನನ್ನ ಕಾರ್ಡು ಗಂಡನ ಟ್ರಂಕಿನಲ್ಲಿತ್ತು. ಕಾರ್ಡಿಗೆ ಜೋಡಿಸಿದ್ದ ಮೊಬೈಲ್ ನಂಬರೂ ಅವನದೇ. ಹೇಳಿದಾಗ ಅಕ್ಕೋರು ರಟ್ಟು ಹಾಕುವ ಹಿಂದಿನ ಕೋಣೆಯ ಬಾಗಿಲು ತೆಗೆದು, ಅಂಟಿನ ಡಬ್ಬಿ ಸರಿಸಿ ಜಾಗ ಮಾಡಿಕೊಟ್ಟರು.

“ನಿಮಗ ತ್ರಾಸ ಆಗೂದಿಲ್ಲೇನ್ರಿ?” ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು: “ಹಿಂದ ಒಬ್ಬಾಕಿ ಕಾಲೇಜ್ ಹುಡುಗಿ ಬಸುರು-ಬಾಣಂತನದ ಪುಸ್ತಕ ಒಯ್ದಿದ್ಲು. ಸಂತ್ಯಾಗ ಅವರಪ್ಪ ಸಿಕ್ಕಾಗ, ನಿಮ್ಮ ಮಗಳು ಭಾಳ ಓದತಾಳ್ರಿ, ಡಾಕ್ಟರ್ ಆಗೂ ಲಕ್ಷಣ ಐತಿ ಅಂತ ಪುಸ್ತಕದ ಹೆಸರು ಸಹಿತ ಹೇಳಿಬಿಟ್ಟೆ. ಹೊಗಳಿದ್ದೆವ್ವಾ ನಾನು. ಮರುದಿನದಿಂದ ಕಾಲೇಜ್ ಬಿಡಿಸಿದ್ರು. ತಿಂಗಳೊಪ್ಪತ್ತಿನಾಗ ಯಾರಿಗೋ ಕೊಟ್ಟು ಲಗ್ನ ಮಾಡಿದ್ರು. ಆಕಿ ಅದನ್ನ ಯಾಕ ಓದತಿದ್ಲು ಅಂತ ನನಗ ಇವತ್ತಿಗೂ ಗೊತ್ತಿಲ್ಲ.”

ಒಂದು ದಿನ ಅಕ್ಕೋರು ಬ್ಯಾಂಕಿಗೆ ಹೋಗಿದ್ದರು. ಹಿಂದಿನ ಕೋಣೆಗೆ ಬೀಗವಿತ್ತು. ಎದುರು ಬಾಗಿಲಿಗೆ ಬಂದ ನನ್ನನ್ನು ಆಪರೇಟರ್ ತಡೆದ. “ನಂಬರ್ ಅಷ್ಟ ಹೇಳ್ರಿ ಸಾಕು,” ಎಂದ. ಬರೀ ನಂಬರಿನಿಂದ ಏನಾದೀತು ಎಂದುಕೊಂಡು, ಬಾಯಿಪಾಠವಾಗಿದ್ದ ಹನ್ನೆರಡು ಅಂಕಿ ಹೇಳಿದೆ. ಅವನು ಒತ್ತಿದ. ಆಮೇಲೆ ತಲೆಯೆತ್ತಿ, “ಮೆಸೇಜ್ ಬಂತೇನ್ರಿ? ದಾಂಡೇಲಿ ವಾಚನಾಲಯದ ಹೆಸರಿಲೇನ ಬಂದಿರತೈತಿ ನೋಡ್ರಿ,” ಎಂದ.

ಆ ಮೆಸೇಜು ಮುಂಡಗೋಡದಲ್ಲಿ ಒಬ್ಬನ ಅಂಗಿಯ ಕಿಸೆಯಲ್ಲಿ ಸದ್ದು ಮಾಡಿತ್ತು.

ಅಕ್ಕೋರು ಬಂದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ನಾಳೆಯಿಂದ ಬರುವುದಿಲ್ಲ ಎಂದೆ. “ಗೆಳತಿ ಕೋಣ್ಯಾಗ ಒಬ್ಬಾಕೀನ ಕುಂದರಬ್ಯಾಡ. ಇಲ್ಲಿ ನಾಕ ಮಂದಿ ಇರತಾರ. ಬಾ,” ಎಂದರು. ಮುಂದಿನ ಎರಡು ದಿನ ರಸ್ತೆಯಲ್ಲಿ ಪ್ರತಿ ಬೈಕಿನ ಸದ್ದಿಗೂ ಗೋಡೆಗೆ ಸರಿಯುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಅವನು ಬಂದ. ಹಿಂದಿನ ಕೋಣೆಯ ಒಳಗಿದ್ದ ನನಗೆ ಮೊದಲು ಕೇಳಿದ್ದು ಅವನ ಕೆಮ್ಮು. ದನಿ ಬಹಳ ಮೆತ್ತಗಿತ್ತು.

“ನಮಸ್ಕಾರ್ರಿ ಅಕ್ಕೋರ. ನಮ್ಮಾಕಿ ಕಾರ್ಡ್ ಮನ್ಯಾಗ ಬಿಟ್ಟ ಬಂದಾಳ್ರಿ. ಪಾಪ, ತ್ರಾಸ ಆಗತಿರಬೇಕು. ಕೊಟ್ಟ ಹೋಗೂಣಂತ ಬಂದೇನಿ. ಇಲ್ಲೇ ಓದಾಕ ಬರತಾಳಲ್ರಿ?”

“ಇಲ್ಲಿ ಯಾರ ಬರತಾರಂತ ನಾ ಹೇಳೂದಿಲ್ಲ.”

“ಬರತಾಳೋ ಇಲ್ಲೋ, ಅಷ್ಟ ಹೇಳ್ರಿ.”

“ಅದನ್ನೂ ಹೇಳೂದಿಲ್ಲ.”

ಅವನು ಕಮಿಟಿ ಅಧ್ಯಕ್ಷರಿಗೆ ಯಾರಿಂದಲೋ ಫೋನು ಮಾಡಿಸಿದ. ಅರ್ಧ ತಾಸಿನಲ್ಲಿ ಅವರು ಬಂದರು. ನಾನು ಕತ್ತಲೆ ಕೋಣೆಯಲ್ಲಿ ಕಾಗದ ಕತ್ತರಿಸುವ ಚಾಕು ಹಿಡಿದು ಕೂತಿದ್ದೆ. ಅದನ್ನು ಏನು ಮಾಡಬೇಕೆಂದಿದ್ದೆನೋ, ನನಗೇ ಗೊತ್ತಿರಲಿಲ್ಲ.

“ಗಂಡ ಹೆಂಡ್ತೀನ ಹುಡುಕಾಕತ್ತಾನ. ಹಾಜರಿ ಪುಸ್ತಕ ತೋರಸ್ರಿ,” ಎಂದರು ಅಧ್ಯಕ್ಷರು.

“ಪೊಲೀಸರ ಕಾಗದ ತರ್ಲಿ, ತೋರಸ್ತೇನಿ.”

“ನಾ ಹೇಳಾಕತ್ತೇನಲ್ಲ!”

ಕುರ್ಚಿ ಸರಿದ ಸದ್ದಾಯಿತು. ಕಬ್ಬಿಣದ ಕಪಾಟು ತೆರೆಯಿತು, ಮುಚ್ಚಿತು, ಬೀಗ ಬಿತ್ತು. ನಂತರ ಅಕ್ಕೋರ ದನಿ, ಸ್ವಲ್ಪವೂ ಏರದೆ: “ಕೀಲಿಕೈ ನನ್ನ ಕುಪ್ಪಸದಾಗ ಐತಿ. ಬೇಕಾದವರು ಬಂದು ತಗೋಬಹುದು.”

ಪೇಪರು ಓದುತ್ತಿದ್ದವರು ಯಾರೂ ಹಾಳೆ ತಿರುಗಿಸಲಿಲ್ಲ. ಕೊನೆಗೆ ಅಧ್ಯಕ್ಷರು ಆಪರೇಟರನಿಗೆ, “ನಿನ್ನ ಕಂಪ್ಯೂಟರದಾಗ ನೋಡೋ,” ಎಂದರು. ಆಪರೇಟರ್ ನನ್ನ ಮುಖ ನೋಡಿದ್ದ. ಹಿಂದಿನ ಕೋಣೆಯಲ್ಲಿ ನಾನಿರುವುದೂ ಅವನಿಗೆ ಗೊತ್ತಿತ್ತು. ಕೀಲಿಮಣೆಯ ಟಕಟಕ ಬಹಳ ಹೊತ್ತು ಕೇಳಿಸಿತು.

“ಎಂಟ್ರಿ ಇಲ್ರಿ ಸರ. ಯಾರೋ ತಪ್ಪ ನಂಬರ್ ಹೇಳಿರಬೇಕು.”

ಗಂಡ ಹೋದ ಮೇಲೂ ಅಕ್ಕೋರು ಕೂಡಲೇ ಬಾಗಿಲು ತೆಗೆಯಲಿಲ್ಲ. ಬಸ್ಸು ಹತ್ತಿದ್ದನ್ನು ಖಾತ್ರಿ ಮಾಡಿಕೊಂಡು ಬರಲು ಆಪರೇಟರನನ್ನೇ ಕಳಿಸಿದ್ದರಂತೆ. ಒಳಗೆ ಬಂದಾಗ ಅವರ ಸೆರಗು ಬೆವರಿನಲ್ಲಿ ತೊಯ್ದಿತ್ತು. ನನ್ನ ಕೈಯಿಂದ ಚಾಕು ಬಿಡಿಸಿ, “ನಡಿ,” ಎಂದರು. ಅಂದೇ ಪೊಲೀಸ್ ಠಾಣೆಗೆ ಕರೆದೊಯ್ದು, ನಾನು ಒಂದು ವರ್ಷದಿಂದ ಬರೆಯದ ದೂರನ್ನು ಬರೆಸಿದರು. ಮರುದಿನ ಆಧಾರ್ ಕೇಂದ್ರದ ಸರದಿಯಲ್ಲಿ ಮೂರು ತಾಸು ನನ್ನ ಜೊತೆ ನಿಂತರು. ಬೆರಳೊತ್ತಿ ಮೊಬೈಲ್ ನಂಬರ್ ಬದಲಿಸಿಕೊಂಡು ಹೊರಬಂದಾಗ ನಾನು ಅತ್ತೆ. ಅವರು, “ಚಹಾ ಕುಡಿಯೂಣು ಬಾ,” ಎಂದರು.

ಆ ತಿಂಗಳ ಕೊನೆಗೆ ಕಮಿಟಿ ಅವರನ್ನು ಕೆಲಸದಿಂದ ತೆಗೆಯಿತು. ನನ್ನಿಂದ ಹೀಗಾಯಿತಲ್ಲ ಎಂದಿದ್ದಕ್ಕೆ ಸಿಟ್ಟಾದರು. ಮನೆಯಲ್ಲೇ ಶಾಲಾ ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕಿಕೊಂಡು ಉಳಿದರು.

ಪರೀಕ್ಷೆ ಎರಡನೆಯ ಸಲಕ್ಕೆ ಪಾಸಾಯಿತು. ಜೋಯಿಡಾ ತಾಲೂಕಿನ ಹಳ್ಳಿಯೊಂದಕ್ಕೆ ನೇಮಕದ ಆದೇಶ ಬಂದಾಗ ಅದನ್ನು ಅಕ್ಕೋರಿಗೆ ತೋರಿಸಲು ಹೋದೆ. ಆಗಲೇ ಅವರ ಮೂತ್ರಪಿಂಡ ಕೆಟ್ಟಿತ್ತು, ಮುಖ ಬಾತಿತ್ತು. ಆದೇಶವನ್ನು ಕೊನೆಯ ಸಾಲಿನವರೆಗೂ ಓದಿದರು.

“ಇನ್ನ ಮಂದಿ ಕಾರ್ಡು, ಮನಿ ವಿಳಾಸ ಎಲ್ಲಾ ನಿನ್ನ ಕೈಗೆ ಬರತಾವಲ್ಲ?”

“ಹೌದ್ರಿ.”

“ಹಂಗಾರ ಅಂಜಿಕೊಂತ ಕೆಲಸ ಮಾಡು.”

ಎರಡು ತಿಂಗಳಿಗೆ ಅವರು ತೀರಿಕೊಂಡರು. ಉಳವಿ ದಾರಿಯ ಒಂದು ಊರಿನಲ್ಲಿ ಪ್ರಮಾಣಪತ್ರ ಬರೆಯುತ್ತಿದ್ದಾಗ ಸುದ್ದಿ ಬಂತು. ಎದುರಿಗೆ ಒಬ್ಬ ಮುದುಕಿ ಕಾರ್ಡು ಚಾಚಿ ನಿಂತಿದ್ದಳು, ಅವಳ ಹಿಂದೆ ಸಾಲಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಸಾಲಿನಲ್ಲಿದ್ದವರಿಗೆ ಕಾಣದಂತೆ ವಿಳಾಸದ ಮೇಲೆ ಅಂಗೈ ಹಾಸಿದೆ. ಅವತ್ತು ಹತ್ತಿದ ಅಂಜಿಕೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಬಿಡದಿರಲಿ ಎಂದೇ ಬೇಡಿಕೊಳ್ಳುತ್ತೇನೆ.