ಕೋಟು ತೊಟ್ಟು ಮಗ್ಗಕ್ಕೆ ಇಳಿದದ್ದು

ನಾನು ಒಂದು ಕಾಲದಲ್ಲಿ ನೇಕಾರನಾಗಿದ್ದೆ ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಯಾರೂ ನಂಬುತ್ತಿರಲಿಲ್ಲ, ಮುಖ್ಯವಾಗಿ ನಮ್ಮಪ್ಪ. ದೊಡ್ಡಬಳ್ಳಾಪುರದ ನಮ್ಮ ಕೇರಿಯಲ್ಲಿ ಬೆಳಗಾದರೆ ಮನೆಮನೆಯಿಂದಲೂ ಮಗ್ಗದ ಸದ್ದು ಏಳುತ್ತಿತ್ತು. ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆ ಬಂತೆಂದು ಸದ್ದಿನಿಂದಲೇ ಹೇಳಬಹುದಿತ್ತು. ನಮ್ಮ ಮನೆಯನ್ನು ಗುರುತಿಸುವುದು ಇನ್ನೂ ಸುಲಭ. ಅಲ್ಲಿ ಸದ್ದು ನಡುನಡುವೆ ನಿಂತುಹೋಗುತ್ತಿತ್ತು. ನಿಂತಿತೆಂದರೆ ಮಗ್ಗದಲ್ಲಿ ಕೂತಿರುವವನು ನಾನು ಎಂದು ಅರ್ಥ.

ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಕ್ಕೆ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕೂತು ನೇಯಬೇಕು. ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಸಾವಿರಗಟ್ಟಲೆ, ಸರಿಯಾಗಿ ಹೊಟ್ಟೆಯ ಮಟ್ಟಕ್ಕೆ ಇರುತ್ತವೆ. ಅಪ್ಪ ಮಗ್ಗಕ್ಕೆ ಇಳಿಯುವ ಮುಂಚೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು. ಮೊಣಕಾಲ ಮೇಲಕ್ಕೆ ಒಂದು ತುಂಡುಪಂಚೆ ಸುತ್ತಿಕೊಂಡು, ಬೆರಳಿನ ಉಂಗುರ ತೆಗೆದು, ತೋಳಿನ ತಾಯಿತವನ್ನೂ ಬಿಚ್ಚಿಡುತ್ತಿದ್ದರು. ರೇಷ್ಮೆಯ ಎಳೆಗೆ ಸಿಕ್ಕಿಕೊಳ್ಳುವಂಥದ್ದು ಮೈಮೇಲೆ ಏನೂ ಇರಕೂಡದು. ಕೇರಿಯ ಎಲ್ಲ ಗಂಡಸರೂ ಹಾಗೆಯೇ ಇಳಿಯುತ್ತಿದ್ದರು. ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ನಾನು ಲೋಯರ್ ಸೆಕೆಂಡರಿ ಪಾಸು ಮಾಡಿದವನು. ಬರಿಮೈಯಲ್ಲಿ ಕುಣಿಗೆ ಇಳಿದಾಗಲೆಲ್ಲ ನನ್ನೊಳಗಿನ ಇಂಗ್ಲಿಷ್ ವ್ಯಾಕರಣಕ್ಕೆ ಅವಮಾನವಾಗುತ್ತಿತ್ತು. ಅಪ್ಪ ಎಂಟು ದಿನಕ್ಕೆ ಇಳಿಸುವ ಸೀರೆ ನನ್ನ ಕೈಯಲ್ಲಿ ಹದಿನೆಂಟು ದಿನವಾದರೂ ಮಗ್ಗ ಬಿಟ್ಟು ಏಳುತ್ತಿರಲಿಲ್ಲ. ಲಾಳಿ ಆ ಕಡೆ ಹೋದರೆ ಮನಸ್ಸು ಈ ಕಡೆ ಹೋಗುತ್ತಿತ್ತು. ಕಿಟಕಿಯಾಚೆ ಯಾರ ಕೋಳಿ ಯಾರ ಹಿತ್ತಿಲಿಗೆ ನುಗ್ಗಿತು ಎಂಬುದು ನನಗೆ ತಿಳಿದಷ್ಟು ಆ ಕೋಳಿ ಸಾಕಿದವರಿಗೂ ತಿಳಿದಿರಲಿಲ್ಲ. ಇದಕ್ಕೆಲ್ಲ ಸೋಮಾರಿತನ ಕಾರಣ ಎಂದು ಅಪ್ಪ ಹೇಳುತ್ತಿದ್ದರು. ಉಡುಪು ಕಾರಣ ಎಂದು ನಾನು ಕಂಡುಹಿಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ಬಿಟ್ಟು ತುಂಡುಪಂಚೆಯ ಮೇಲೆ ತಪ್ಪು ಹೊರಿಸಿದೆ.

ಈ ಜ್ಞಾನ ನನಗೆ ಬಂದದ್ದು ಬೆಂಗಳೂರಿನಲ್ಲಿ ಗುಮಾಸ್ತರಾಗಿದ್ದ ಸೋದರಮಾವನಿಂದ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ಮಿಲಿಟರಿಯವರು ಬಿಟ್ಟುಹೋದ ಬಟ್ಟೆಬರೆ ಬೆಂಗಳೂರಿನಲ್ಲಿ ರಾಶಿರಾಶಿಯಾಗಿ ಬಿದ್ದಿತ್ತು. ಮಾವ ಹಬ್ಬಕ್ಕೆ ಬಂದಾಗ ಅಂಥದೊಂದು ಖಾಕಿ ಕೋಟನ್ನು ನನಗೆ ತಂದರು. ಉಣ್ಣೆಯದು, ನಾಲ್ಕು ಜೇಬು, ಮುಂದೆ ಐದು ಹಿತ್ತಾಳೆ ಗುಂಡಿ. ಯಾವ ದೇಶದ ಯಾವ ದಢೂತಿ ಸಿಪಾಯಿಯದೋ, ಅದರೊಳಗೆ ನನ್ನಂಥವರು ಇಬ್ಬರು ಹಿಡಿಯುತ್ತಿದ್ದರು.

“ಆಫೀಸ್ನಲ್ಲಿ ಕೋಟು ಹಾಕ್ಕೊಂಡ್ರೇನೇ ಕಣೋ ಕೈ ಓಡೋದು,” ಎಂದರು ಮಾವ. “ಬರಿಮೈಲಿ ಕೂತ್ರೆ ತೂಕಡಿಕೆ ಬರುತ್ತೆ. ಮೈ ನೆಟ್ಟಗಿದ್ರೆ ಮನಸ್ಸೂ ನೆಟ್ಟಗಿರುತ್ತೆ.”

ಅವರು ಹೇಳಿದ್ದು ಕುರ್ಚಿಯ ಮೇಲೆ ಕೂತು ಕಾಗದ ಬರೆಯುವವರ ಮಾತು. ಅಷ್ಟು ಯೋಚನೆ ಮಾಡುವ ಬುದ್ಧಿ ನನಗಿದ್ದಿದ್ದರೆ ನಾನು ಈ ಕತೆ ಹೇಳಬೇಕಾಗುತ್ತಲೇ ಇರಲಿಲ್ಲ.

ಇದೇ ಹೊತ್ತಿಗೆ ಮನೆಯಲ್ಲಿ ತಂಗಿಯ ಮದುವೆ ಗೊತ್ತಾಯಿತು. ಗಂಡಿನ ಮನೆಯವರು ದೇವನಹಳ್ಳಿಯವರು, ಅವರೂ ನೇಯುವವರೇ. ನಮ್ಮಲ್ಲಿ ಹುಡುಗಿಯ ಧಾರೆ ಸೀರೆಯನ್ನು ತವರಿನ ಮಗ್ಗದಲ್ಲೇ ನೇಯಬೇಕು. ನೇಕಾರರ ಮಗಳು ಕೊಂಡುತಂದ ಸೀರೆ ಉಟ್ಟು ಹಸೆಮಣೆಗೆ ಕೂತರೆ ಕೇರಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಯುದ್ಧದ ಕಾಲದಲ್ಲಿ ರೇಷ್ಮೆಯೆಲ್ಲ ಪ್ಯಾರಾಶೂಟಿಗೆ ಹೋಗಿ ಒಳ್ಳೆಯ ನೂಲು ಕಣ್ಣಿಗೆ ಕಾಣದಂತಾಗಿತ್ತು. ಆದರೂ ಅಪ್ಪ ಸ್ವಲ್ಪಸ್ವಲ್ಪವಾಗಿ ಒಂದು ಸೀರೆಗಾಗುವಷ್ಟನ್ನು ಕೂಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಂಗಿ ಕೇಳಿದ ಬಣ್ಣ ಮಾವಿನ ಚಿಗುರಿನದು. ಮೂರು ವರ್ಷ ಆ ನೂಲನ್ನು ಆಗಾಗ ತೆಗೆದು ನೋಡಿ, ಮತ್ತೆ ಮಡಿಸಿಡುತ್ತಿದ್ದಳು. ಊರವರ ಹೆಂಡಿರುಮಕ್ಕಳಿಗಾಗಿ ಚಿಕ್ಕಂದಿನಿಂದ ಲಾಳಿಯ ಕಂಡಿಕೆಗೆ ನೂಲು ಸುತ್ತಿದ ಹುಡುಗಿ ತಾನು ಒಂದು ರೇಷ್ಮೆ ಸೀರೆಯನ್ನೂ ಉಟ್ಟಿರಲಿಲ್ಲ.

ಹಾಸು ಹೂಡಿದ್ದಾಯಿತು. ಅಪ್ಪ ನಾಲ್ಕು ದಿನ ನೇಯ್ದರು. ಐದನೆಯ ದಿನ ಹಿತ್ತಿಲ ನುಗ್ಗೆಮರ ಹತ್ತಿ, ಕೊಂಬೆ ಮುರಿದು ಬಿದ್ದು, ಬಲಭುಜ ಉಳುಕಿಸಿಕೊಂಡರು. ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಅರ್ಧ ಸೀರೆಯೂ, ತಂಗಿಯ ಮದುವೆಯೂ ನನ್ನ ಕೈಗೆ ಬಂದವು.

ಅಮ್ಮ ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ ನನ್ನನ್ನು ಕರೆದು ಕೂರಿಸಿಕೊಂಡಳು. “ಒಂದೆರಡು ಎಳೆ ಹೋಗೋದು ಇದ್ದಿದ್ದೇ. ಆದ್ರೆ ಧಾರೆ ಸೀರೆ ಹಾಸು ಮಗ್ಗದ ಮೇಲೇ ಹರಿದ್ರೆ ಸಂಬಂಧ ಹರಿದ ಹಾಗೇ ಕಣಪ್ಪಾ. ಜೋಪಾನ,” ಎಂದಳು. ಅವಳು ಹೆದರಿದ್ದರಲ್ಲಿ ಅರ್ಥವಿತ್ತು. ಹಿಂದಿನ ವರ್ಷ ತಂಗಿಗೆ ಬಂದಿದ್ದ ಒಂದು ಸಂಬಂಧ, ಗಂಡಿನವರ ಬಂಡಿಗೆ ಬೆಕ್ಕು ಅಡ್ಡ ಬಂತೆಂಬ ಕಾರಣಕ್ಕೆ ತಾಂಬೂಲದ ಹಿಂದಿನ ದಿನ ಮುರಿದುಬಿದ್ದಿತ್ತು. ಬೆಕ್ಕಿಗೇ ಮುರಿಯುವ ಸಂಬಂಧ ಹಾಸು ಹರಿದರೆ ಉಳಿದೀತೇ?

ಇಷ್ಟು ದೊಡ್ಡ ಜವಾಬ್ದಾರಿಯನ್ನು ತುಂಡುಪಂಚೆಯಲ್ಲಿ ಹೊರಲಾಗದು ಎಂದು ನನಗೆ ಖಂಡಿತವಾಗಿ ಅನ್ನಿಸಿತು. ಮರುದಿನ ಬೆಳಿಗ್ಗೆ ಕೋಟು ತೊಟ್ಟು, ತಲೆ ಬಾಚಿಕೊಂಡು ಮಗ್ಗಕ್ಕೆ ಇಳಿದೆ. ತಂಗಿ ರಾಟೆ ಬಿಟ್ಟು ಎದ್ದುನಿಂತು, “ಸಾಹೇಬ್ರು ಯಾವ ಕಡೆಯಿಂದ ದಯಮಾಡ್ಸಿದ್ರಿ?” ಎಂದಳು. ಅಪ್ಪ ಎಣ್ಣೆ ಹಚ್ಚಿದ ಭುಜ ಹಿಡಿದುಕೊಂಡು ಬಂದು ನೋಡಿ, “ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ,” ಎಂದು ಹೊರಟುಹೋದರು.

ಆಶ್ಚರ್ಯವೆಂದರೆ ಕೋಟು ಕೆಲಸ ಮಾಡಿತು. ಆ ದಿನ ನಾನು ನೆಟ್ಟಗೆ ಕೂತೆ, ಕೋಳಿಗಳ ಕಡೆ ನೋಡಲಿಲ್ಲ. ನೋಡುವ ಮನಸ್ಸಾದಾಗಲೆಲ್ಲ, ಕೋಟು ಹಾಕಿಕೊಂಡವರು ಕೋಳಿ ನೋಡುತ್ತಾರೆಯೇ ಎಂದು ನನ್ನನ್ನು ನಾನೇ ಗದರಿಸಿಕೊಂಡೆ. ಸಂಜೆಗೆ ಎಂದಿಗಿಂತ ಒಂದು ಗೇಣು ಹೆಚ್ಚು ನೇಯ್ದಿದ್ದೆ. ಅಪ್ಪ ಎಡಗೈಯಿಂದಲೇ ಎರಡು ಸಲ ಗೇಣು ಹಾಕಿ ನೋಡಿದರು. “ಹಾಳಾಗ್ಲಿ, ಹಾಕ್ಕೋ. ಆ ಗುಂಡೀನಾದ್ರೂ ಕಿತ್ತಾಕು,” ಎಂದರು.

ಗುಂಡಿಯಿಲ್ಲದ ಕೋಟು ಕೋಟೇ ಅಲ್ಲ ಎಂದು ನನ್ನ ಅಭಿಪ್ರಾಯ. ಕೀಳಲಿಲ್ಲ. ಬದಲಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿ ಹೊಳಪು ಕೊಟ್ಟೆ.

ಮೂರನೆಯ ದಿನದಿಂದ ಜೇಬುಗಳ ಕಾಟ ಶುರುವಾಯಿತು. ನಾಲ್ಕು ಜೇಬು ಇದ್ದ ಮೇಲೆ ಅವುಗಳಲ್ಲಿ ಏನಾದರೂ ಇರಬೇಕಲ್ಲ. ಒಂದರಲ್ಲಿ ಬಾಚಣಿಗೆ, ಒಂದರಲ್ಲಿ ಪುಟ್ಟ ಕನ್ನಡಿ, ಇನ್ನೊಂದರಲ್ಲಿ ಸೀಸದಕಡ್ಡಿ ಮತ್ತು ಒಂದು ನೋಟ್‌ಬುಕ್ಕು ಇಟ್ಟುಕೊಂಡೆ. ನಾಲ್ಕನೆಯದರಲ್ಲಿ ಹುರಿಗಡಲೆ. ಹತ್ತು ಸಲ ಲಾಳಿ ಎಸೆದರೆ ಒಂದು ಸಲ ನೋಟ್‌ಬುಕ್ಕು ತೆಗೆದು, ಇಷ್ಟು ನೇಯ್ದೆನೆಂದು ಬರೆದುಕೊಳ್ಳುತ್ತಿದ್ದೆ. ಬರೆಯುವಾಗ ಹುರಿಗಡಲೆ ನೆನಪಾಗುತ್ತಿತ್ತು. ತಿಂದ ಮೇಲೆ ಹಲ್ಲು ನೋಡಿಕೊಳ್ಳಲು ಕನ್ನಡಿ ಬೇಕಾಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ಉಣ್ಣೆಯೊಳಗೆ ನಾನು ಬೆಂದ ಗೆಣಸಾಗಿರುತ್ತಿದ್ದೆ, ಮೈಯೆಲ್ಲ ಬೆವರುಸಾಲೆ. ಒಳಗೆ ಅಂಗಿ ಹಾಕಿಕೊಳ್ಳುವುದನ್ನು ಎರಡನೆಯ ದಿನವೇ ಬಿಟ್ಟಿದ್ದೆ. ಉಡುಪಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂದು ಈಗಿನವರೂ ಹೇಳುವುದನ್ನು ಕೇಳಿದ್ದೇನೆ. ಸುಳ್ಳಲ್ಲ. ನನ್ನ ಮನಸ್ಸು ನಿಂತೇ ಇತ್ತು, ಕೋಟಿನ ಮೇಲೆ. ಮಗ್ಗದ ಸದ್ದು ಮೊದಲಿಗಿಂತ ಹೆಚ್ಚು ಸಲ ನಿಲ್ಲತೊಡಗಿತು.

ಮದುವೆಗೆ ಒಂಬತ್ತು ದಿನ ಇರುವಾಗ, ಗಂಡಿನ ತಂದೆ ಶಾಸ್ತ್ರದ ವಿಚಾರ ಮಾತಾಡಲು ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ ಎಂದು ತಿಳಿಯಿತು. ಅಪ್ಪ, “ಇವತ್ತೊಂದಿನ ಬಿಚ್ಚಿಡೋ. ಅವ್ರು ಹುಟ್ಟಾ ನೇಕಾರ್ರು. ನಗ್ತಾರೆ,” ಎಂದರು. ಇದೇ ದಿನಕ್ಕಲ್ಲವೇ ಕೋಟು ಬೇಕಾದದ್ದು ಎಂದು ನಾನು ವಾದಿಸಿದೆ. ಹುಡುಗಿಯ ಅಣ್ಣ ಆಫೀಸರನ ಹಾಗೆ ಕಂಡರೆ ಮನೆಯ ತೂಕ ಹೆಚ್ಚುತ್ತದೆ ಎಂದೆ. ಅಪ್ಪನಿಗೆ ಭುಜದ ನೋವು ಜೋರಾಗಿತ್ತು, ಮಾತು ಬೆಳೆಸಲಿಲ್ಲ.

ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ಅದು, ಬಂದರೆ ಬಂತು. ಆ ದಿನ ಬೇಗ ಬಂದುಬಿಟ್ಟಿತು. ನಾನು ಹಾಸಿನ ಮೇಲೆ ಪೂರ್ತಿ ಬಗ್ಗಿ, ಆ ಕಡೆ ತುಂಡಾಗಿದ್ದ ಒಂದೇ ಒಂದು ಎಳೆಯನ್ನು ಹುಡುಕುತ್ತಿದ್ದೆ. ಹೊಟ್ಟೆ ಎಳೆಗಳ ಮೇಲೆ ಒತ್ತಿಕೊಂಡಿತ್ತು. ಹಿಂದಿನಿಂದ ಅಮ್ಮ, “ಬೀಗ್ರು ಬಂದ್ರು,” ಎಂದಳು. ಬಗ್ಗಿದ್ದವನು ನಿಧಾನವಾಗಿ ಹಿಂದೆ ಸರಿದು ಕೂರಬೇಕಿತ್ತು. ಆದರೆ ಆಫೀಸರು ಹಾಗೆ ಏಳುವುದಿಲ್ಲ. ಒಂದೇ ಏಟಿಗೆ ಸೆಟೆದು ಎದ್ದುನಿಂತು ಕೈಮುಗಿದೆ. ಎಳೆಗಳ ನಡುವೆ ಇಳಿದು ಕೂತಿದ್ದ ಹಿತ್ತಾಳೆ ಗುಂಡಿ ನನ್ನ ಜೊತೆಗೇ ಎದ್ದಿತು. ಪಟಪಟ ಸದ್ದಾಯಿತು. ನೋಡಿದರೆ ಹಾಸಿನ ನಟ್ಟನಡುವೆ ಅಂಗೈಯಗಲ ಖಾಲಿ. ಕಡಿದ ಎಳೆಗಳು ಎರಡೂ ಕಡೆ ಮುದುರಿಕೊಂಡು ಬಿದ್ದಿದ್ದವು.

 ಅಮ್ಮ ನೀರಿನ ಚೊಂಬು ಹಿಡಿದುಕೊಂಡೇ ನಿಂತಿದ್ದಳು. ತಂಗಿ ಒಳಬಾಗಿಲಲ್ಲಿ ಕಾಣಿಸಿಕೊಂಡು, ಮಗ್ಗವನ್ನು ನೋಡಿ, ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಬಾಗಿಲ ಹಿಂದಕ್ಕೆ ಸರಿದಳು.  ನನ್ನ ಕೈ ಇನ್ನೂ ಮುಗಿದುಕೊಂಡೇ ಇತ್ತು. “ಕೂತ್ಕೊಳ್ಳಿ,” ಎಂದೆ ಬೀಗರಿಗೆ. ಅಂಥ ಹೊತ್ತಿನಲ್ಲಿ ನನಗೆ ಹೊಳೆದ ಮಾತು ಅದೊಂದೇ.

ಬೀಗರು ಕೂರಲಿಲ್ಲ. ಎತ್ತರದ ಆಳು, ಬಿಳಿ ಕೋಟು, ಜರಿಪೇಟ, ಕಚ್ಚೆಪಂಚೆ. ಮಗ್ಗದ ಹತ್ತಿರ ಬಂದು ಬಗ್ಗಿ ನೋಡಿದರು. ಸಂಜೆಯ ಬಸ್ಸಿನವರೆಗೂ ಕಾಯದೆ ನಡೆದೇ ಹೋಗುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಅವರು ಪೇಟವನ್ನು ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟರು. ಮದುವೆ ಮುಗಿಯುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಪೇಟ ತೆಗೆಯುವುದು ನಮ್ಮಲ್ಲಿ ಇರಲಿಲ್ಲ. ಅಪ್ಪ ಗಾಬರಿಯಾಗಿ, “ಬೀಗ್ರೇ, ಬ್ಯಾಡಿ,” ಎಂದರು. ಅವರು ಕೋಟು ಬಿಚ್ಚಿದರು, ಅಂಗಿ ಬಿಚ್ಚಿದರು, ಉಂಗುರ ತೆಗೆದು ಪೇಟದ ಪಕ್ಕ ಇಟ್ಟರು. ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಬರಿಮೈಯಲ್ಲಿ ಕುಣಿಯ ಅಂಚಿಗೆ ಬಂದರು.

“ಒಲೆ ಬೂದಿ ಒಂದಿಷ್ಟು ತರ್ಸಿ ಬೀಗ್ರೇ,” ಎಂದರು ಅಪ್ಪನಿಗೆ. ನನ್ನ ಕಡೆ ತಿರುಗಿ, “ಏನಪ್ಪಾ ನೋಡ್ತಾ ನಿಂತಿದ್ದೀಯ? ಬಿಚ್ಚು ಅದನ್ನ. ಆ ಕಡೆ ತುದಿ ನೀನು ಹುಡುಕ್ಕೊಡು, ಈ ಕಡೆ ನಾನು ನೋಡ್ಕೋತೀನಿ.”

ಬಿಚ್ಚಿದೆ. ಆಫೀಸರನ ಒಳಗಿನಿಂದ ಬೆವರುಸಾಲೆ ತುಂಬಿದ ಒಂದು ಬಡಕಲು ಎದೆ ಹೊರಬಂದದ್ದನ್ನು ಬೀಗರು ನೋಡಿದರು. ಬೆರಳ ತುದಿಗೆ ಬೂದಿ ಅದ್ದಿ, ಒಂದು ತುದಿಗೆ ಇನ್ನೊಂದನ್ನು ಸೇರಿಸಿ ಹೊಸೆಯತೊಡಗಿದರು. ಎಳೆ ಗಿಡ್ಡವಾದ ಕಡೆ ಬೇರೆ ನೂಲು ಕೂಡಿಸಿದರು. ನಾನು ಒಂದೊಂದೇ ತುದಿ ಹುಡುಕಿ ಅವರ ಬೆರಳಿಗೆ ಕೊಡುತ್ತ ಹೋದೆ. ತಪ್ಪು ತುದಿ ಕೊಟ್ಟರೆ ಮಾತಿಲ್ಲದೆ ಹಿಂದಕ್ಕೆ ತಳ್ಳುತ್ತಿದ್ದರು. ಎರಡು ಗಂಟೆಯ ಹೊತ್ತು ಹೀಗೆ ನಡೆಯಿತು. ಅಷ್ಟು ಹೊತ್ತು ನನ್ನ ಕಣ್ಣು ಕಿಟಕಿಯ ಕಡೆ ಹೋಗದೆ ಇದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು. ಹೆದರಿಕೆಯೂ ನಾಚಿಕೆಯೂ ಮಾಡಿಸಿದ ಕೆಲಸ ಅದು.

ಕೊನೆಯ ಎಳೆ ಕೂಡಿಸಿ, ಲಾಳಿ ಎಸೆದು, ನಾಲ್ಕು ಬೆರಳಗಲ ತಾವೇ ನೇಯ್ದು ನೋಡಿದರು. ಬಟ್ಟೆಯ ಮೇಲೆ ಅಂಗೈ ಸವರಿದರು. ಆಮೇಲೆ ಮೇಲೆದ್ದು ಕೈ ತೊಳೆದುಕೊಂಡರು. ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

“ಹಾಸು ಹರೀತಲ್ಲಾ...” ಎಂದಳು.

“ಹರೀತು, ಕೂಡ್ಸಿದ್ದೂ ಆಯ್ತು,” ಎಂದರು ಬೀಗರು. “ಗುಂಡಿ ಮಾಡಿದ ಕೆಲಸಕ್ಕೆ ದೇವ್ರನ್ನ ಯಾಕಮ್ಮ ಎಳೀತೀರಿ?”

ಅಪ್ಪ ಮಾತು ತಡವರಿಸುತ್ತ, “ಹಂಗಾದ್ರೆ ಸಂಬಂಧ...” ಎಂದರು.

ಬೀಗರು ಅಂಗಿ ಕೋಟು ತೊಟ್ಟು, ಪೇಟ ತಲೆಗಿಟ್ಟುಕೊಂಡು, ಉಂಗುರ ಹಾಕಿಕೊಂಡು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

“ಹುಡುಗಿ ನಮ್ಮನೆಗೆ ಬರ್ಲಿ ಬೀಗ್ರೇ. ಹುಡುಗನ್ನ ಮಾತ್ರ ಯಾವ್ದಾದ್ರೂ ಆಫೀಸಿಗೆ ಕಳ್ಸಿಬಿಡಿ. ಅಲ್ಲಿ ಏನ್ ಹರಿದ್ರೂ ಸರ್ಕಾರದ್ದು.”

ಬಾಗಿಲ ಹಿಂದಿನಿಂದ ತಂಗಿ ನಕ್ಕದ್ದು ಕೇಳಿಸಿತು. ಎರಡು ಗಂಟೆಯಿಂದ ಅಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದವಳು, ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾರದೆ ಜೋರಾಗಿ ನಕ್ಕುಬಿಟ್ಟಳು. ಅಮ್ಮ ನಕ್ಕಳು, ಭುಜ ಹಿಡಿದುಕೊಂಡು ಅಪ್ಪನೂ ನಕ್ಕರು. ನಾನು ಬರಿಮೈಯಲ್ಲಿ ಕುಣಿಯೊಳಗೆ ಕಾಲು ಬಿಟ್ಟುಕೊಂಡು ಕೂತು, ಎಲ್ಲರೆದುರಿಗೆ ಅತ್ತುಬಿಟ್ಟೆ.