ಧಾಬಳಿಯ ಮೇಲಿನ ಕೈ

ಉಣ್ಣೆಯಷ್ಟು ಅದೃಷ್ಟವಂತ ವಸ್ತು ಪ್ರಪಂಚದಲ್ಲಿ ಇನ್ನೊಂದಿಲ್ಲವೆಂದು ನನಗೆ ಆಗಾಗ ಅನ್ನಿಸುವುದುಂಟು. ಹತ್ತಿಯ ಪಂಚೆಯನ್ನು ಬೆಳಿಗ್ಗೆ ಎಷ್ಟೇ ಶ್ರದ್ಧೆಯಿಂದ ಒಗೆದು ಒಣಗಹಾಕಿದರೂ ಯಾರದೋ ಸೆರಗು ಸೋಕಿದೊಡನೆ ಅದು ಮೈಲಿಗೆಯಾಗಿ ಮತ್ತೆ ಬಾವಿಕಟ್ಟೆಗೆ ಹೋಗಬೇಕು. ಉಣ್ಣೆಯ ಧಾಬಳಿಯೋ ವರ್ಷಕ್ಕೊಮ್ಮೆ ನೀರು ಕಂಡರೆ ಹೆಚ್ಚು, ಉಟ್ಟವರಿಗಿಂತ ಮುಂಚೆ ಅದರ ವಾಸನೆಯೇ ಅಡುಗೆಮನೆ ಹೊಕ್ಕಿರುತ್ತದೆ, ಆದರೂ ಅದರ ಮಡಿಗೆ ಭಂಗವಿಲ್ಲ. ನಮ್ಮಂಥ ವೈಷ್ಣವ ಮನೆತನಗಳಿಗೆ ಈ ವಿನಾಯಿತಿಯನ್ನು ದಯಪಾಲಿಸಿದವನು ಚಳಿಗೆ ನಡುಗುತ್ತಿದ್ದ ಯಾವನೋ ಧರ್ಮಜ್ಞನೇ ಇರಬೇಕು. ನಾನೂ ಒಮ್ಮೆ ಅದರ ಲಾಭ ಪಡೆಯಹೋದೆ. ಅದನ್ನು ಹೇಳುವಾಗ ನೀವು ನಕ್ಕರೆ ನನಗೆ ಬೇಸರವಿಲ್ಲ. ಆಗ ನಾನೂ ನಕ್ಕಿದ್ದೆ.

ಯುದ್ಧದ ಕಾಲ, ಬಸ್ಸುಗಳು ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯ ಬಲದ ಮೇಲೆ ಕೆಮ್ಮುತ್ತ ಓಡುತ್ತಿದ್ದ ದಿನಗಳು. ಮಾನ್ವಿಯ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಹೊಸ ಮಾಸ್ತರ ನಾನು. ಮನೆಯಲ್ಲಿ ನನ್ನ ತಾಯಿ ಮತ್ತು ಏಳು ತಿಂಗಳ ಬಸುರಿಯಾಗಿದ್ದ ಹೆಂಡತಿ ಸುಭದ್ರಾ. ಚೊಚ್ಚಲು ತವರಿನಲ್ಲಿ ಆಗಬೇಕೆಂಬುದು ರೂಢಿ, ಆದರೆ ಅವಳಿಗೆ ತಾಯಿಯಿರಲಿಲ್ಲ. ಆದ್ದರಿಂದ ದೇವದುರ್ಗದಲ್ಲಿದ್ದ ಮಾವನವರು, ಸುಭದ್ರಾಳನ್ನು ಕೂಸಿದ್ದಾಗ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಸೂಲಗಿತ್ತಿ ಹುಲಿಗೆವ್ವನನ್ನೇ ನಮ್ಮಲ್ಲಿಗೆ ಕಳಿಸಿಕೊಟ್ಟರು.

ಹುಲಿಗೆವ್ವ ದಿನಾ ಸಂಜೆ ಕುಸುಬೆ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಸುರಿಯ ಸೊಂಟ, ತೊಡೆ, ಮೀನಖಂಡಗಳನ್ನು ಹಗುರವಾಗಿ ನೀವುತ್ತಿದ್ದಳು. ಹೊಟ್ಟೆಯ ಗೊಡವೆಗೆ ಹೋಗುತ್ತಿರಲಿಲ್ಲ. ಸುಭದ್ರಾ ಕುಳಿತಲ್ಲೇ ತೂಕಡಿಸುತ್ತಿದ್ದಳು. ತೊಡಕು ಆಮೇಲಿನದು. ಹುಲಿಗೆವ್ವ ಮುಟ್ಟಿದ ಮೇಲೆ ತಲೆಯ ಮೇಲೆ ನೀರು ಸುರಿದುಕೊಳ್ಳದೆ ಒಳಗೆ ಬರುವಂತಿಲ್ಲವೆಂದು ತಾಯಿಯ ಕಟ್ಟಪ್ಪಣೆ. ಪುಷ್ಯಮಾಸದ ಚಳಿ. ಹಿಂಬಾಗಿಲಲ್ಲಿ ಹಲ್ಲು ಕಟಕಟಿಸುತ್ತ ನಿಂತ ಹೆಂಡತಿಯನ್ನು ನಾಲ್ಕು ದಿನ ನೋಡಿದ ನನಗೆ ಐದನೆಯ ದಿನ ಜ್ಞಾನೋದಯವಾಯಿತು: ಕಾಲಿನ ಮೇಲೆ ಧಾಬಳಿ ಹೊದಿಸಿ, ಅದರ ಮೇಲಿಂದ ಒತ್ತಿದರೆ ಮುಟ್ಟಿದಂತಾಯಿತೇ?

"ಮಾಸ್ತರ ಆದದ್ದಕ್ಕೂ ಸಾರ್ಥಕ ಆತು ನೋಡು" ಎಂದು ತಾಯಿ ಮೆಚ್ಚಿದಳು. ಹುಲಿಗೆವ್ವ ಮಾತ್ರ ಧಾಬಳಿಯನ್ನು ಎರಡು ಸಲ ಒತ್ತಿ ನೋಡಿ, "ಯಪ್ಪಾ, ನಾ ಈಗ ಮಗಳ ಕಾಲು ಒತ್ತಾಕತ್ತೀನೋ, ಕುರಿ ಕಾಲು ಒತ್ತಾಕತ್ತೀನೋ?" ಎಂದಳು. ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. "ನನ್ನ ಕಣ್ಣು ಇರೋದು ಕೈಯಾಗ್ರಿ. ಅದಕ್ಕ ಅರಿವಿ ಕಟ್ಟಿದ್ರ ಹ್ಯಾಂಗ?" ಎಂದು ಗೊಣಗಿದಳು. ಅದನ್ನು ನಾನು ಹಳ್ಳಿಯ ಮುದುಕಿಯ ಮಾತಿನ ಚಮತ್ಕಾರವೆಂದುಕೊಂಡೆ. ಮರುದಿನ ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಹೇಳಿ ಇನ್ನೊಮ್ಮೆ ನಗಿಸಿದೆ ಕೂಡ.

ಮೂರು ವಾರ ಹಾಗೆ ನಡೆಯಿತು. ಕಾಲುಂಗುರ ಬಿಗಿಯಾಗುತ್ತಿವೆಯೆಂದು ಸುಭದ್ರಾ ಒಂದೆರಡು ಸಲ ಅಂದಳು. ಬಸುರಿಯರ ಕಾಲು ಬಾಯುವುದು ಸಹಜವೆಂದು ತಾಯಿ ಅಂದಳು. ಒಂದು ಮಧ್ಯಾಹ್ನ ಸುಭದ್ರಾ ತಲೆಸಿಡಿತದಿಂದ ಕಣ್ಣು ಮಂಜಾಗುತ್ತಿದೆ ಎಂದದ್ದೇ ತಡ, ಹುಲಿಗೆವ್ವ ಯಾರನ್ನೂ ಕೇಳದೆ ಧಾಬಳಿ ಕಿತ್ತೆಸೆದು ಮೊಣಕಾಲ ಕೆಳಗೆ ಹೆಬ್ಬೆಟ್ಟು ಊರಿ ತೆಗೆದಳು. ಬಿದ್ದ ಗುಳಿ ಬಿದ್ದಂತೆಯೇ ಉಳಿಯಿತು. "ಇದು ಇವತ್ತಿನ ಬಾವಲ್ಲ. ಬಂಡಿ ಕಟ್ಟಸ್ರಿ" ಎಂದಳು.

ರಾಯಚೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸುಭದ್ರಾಳಿಗೆ ಕೈಕಾಲು ಸೆಟೆಯುವ ಸೆಳವು ಶುರುವಾಗಿತ್ತು. ಅವಳು ಉಳಿದಳು. ಹೆಣ್ಣು ಕೂಸು ಉಳಿಯಲಿಲ್ಲ. ವಾರದ ಮುಂಚೆ ಬಂದಿದ್ದರೆ ಎಂದು ಡಾಕ್ಟರಮ್ಮ ಆರಂಭಿಸಿದ ವಾಕ್ಯವನ್ನು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ನಾನು ಹೇಳಬೇಕಾದದ್ದು ಇದಕ್ಕಿಂತಲೂ ಸಣ್ಣದು. ಮಾನ್ವಿಗೆ ಮರಳಿದ ಮೇಲೆ ಮಾತಾಡಿಸಲು ಬಂದ ಹೆಂಗಸರೆದುರು ತಾಯಿ, "ಆಕಿ ಒತ್ತಬಾರದ್ದು ಒತ್ತಿದಳು, ಕೂಸು ಹೋತು" ಎಂದಳು. ಅಂಗಳದಲ್ಲಿ ಗಂಟು ಕಟ್ಟುತ್ತಿದ್ದ ಹುಲಿಗೆವ್ವ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಪಂಚಾಂಗ ನೋಡಿದೆ. ಲೆಕ್ಕದ ಮಾಸ್ತರನಾದ ನನಗೆ ಆ ಹೊತ್ತಿಗೆ ತಿಥಿ ನಕ್ಷತ್ರಗಳಲ್ಲಿ ಹುಟ್ಟಿದ ಆಸಕ್ತಿಯನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಎರಡು ವರ್ಷದ ಮೇಲೆ ಸುಭದ್ರಾ ಮತ್ತೆ ಬಸುರಿಯಾದಳು. "ಹುಲಿಗೆವ್ವನ್ನ ಕರಕೊಂಡು ಬರ್ರಿ" ಎಂದಳು.

"ಅವ್ವ ಏನಂತಾಳೋ."

"ಅವರಿಗೆ ಹೇಳೋದು ಒಂದು ಮಾತು ನಿಮ್ಮ ಕಡೆ ಉಳದದ. ಹೇಳ್ರಿ."

ನಾನು ತಾಯಿಗೆ ಹೇಳದೆ ದೇವದುರ್ಗಕ್ಕೆ ಹೋದೆ. ಹುಲಿಗೆವ್ವ ಅಂಗಳದಲ್ಲಿ ಒಬ್ಬಳೇ ಕೂತು ಶೇಂಗಾ ಸುಲಿಯುತ್ತಿದ್ದಳು. ಬರುವಂತೆ ಕೇಳಿದೆ.

"ಬ್ಯಾಡ್ರಿ ಯಪ್ಪಾ. ಆ ಮಾತು ನನಗಿಂತ ಮೊದಲ ಊರು ಮುಟ್ಟಿತ್ತು. ಈಗ ಯಾರೂ ಬಸುರಿ ಕಾಲು ನನ್ನ ಕೈಯಾಗ ಕೊಡಂಗಿಲ್ಲ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಆಗ ಹೇಳಿದೆ: ತಪ್ಪು ನಿನ್ನದಲ್ಲ ಹುಲಿಗೆವ್ವಾ, ನಿನ್ನ ಕೈ ಮುಚ್ಚಿದವನು ನಾನು.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ನನಗ ಗೊತ್ತಿದ್ದದ್ದ ನನಗ ಹೇಳಿದ್ರ ಏನಾತ್ರಿ? ಇಲ್ಲಿ ಕೇಳಾಕ ಯಾರದಾರ?" ಎಂದಳು. ಹೊರಟಾಗ ಅವಳೇ ಕರೆದು, "ದಿನಾ ಸಂಜಿಕ ಬರೇ ಕಾಲಿಗೆ ಹೆಬ್ಬೆಟ್ಟ ಒತ್ತಿ ನೋಡ್ರಿ. ಗುಳಿ ನಿಂತ್ರ ರಾಯಚೂರಿಗೆ ಓಡ್ರಿ" ಎಂದು ಹೇಳಿಕೊಟ್ಟಳು.

ಹಾಗೆಯೇ ಮಾಡಿದೆ. ಪಡಸಾಲೆಯಲ್ಲಿ, ಎಲ್ಲರಿಗೂ ಕಾಣುವಂತೆ, ಹೆಂಡತಿಯ ಕಾಲ ಬಳಿ ಕೂತು ಎಣ್ಣೆ ಹಚ್ಚಿದೆ, ಒತ್ತಿದೆ, ನೋಡಿದೆ. ಗಂಡಸು ಹೆಂಡತಿಯ ಕಾಲು ಹಿಡಿದ ಸುದ್ದಿಗೆ ಮಾನ್ವಿ ತಿಂಗಳುಗಟ್ಟಲೆ ನಕ್ಕಿತು. ಗಂಡುಮಗು ಸುಖವಾಗಿ ಹುಟ್ಟಿತು. ಅದಕ್ಕೂ ಮುಂಚೆ ಒಂದು ಸಂಜೆ, ನಾನು ಹಾಗೆ ಒತ್ತುತ್ತಿದ್ದಾಗ, ತಾಯಿ ಜಪಸರ ಹಿಡಿದು ಎದುರಿಗೇ ಬಂದು ಕೂತು, ನನ್ನ ಹೆಬ್ಬೆರಳನ್ನೇ ನೋಡುತ್ತ, "ಇದನ್ನ ಯಾರು ಕಲಿಸಿದ್ರೋ?" ಎಂದು ಕೇಳಿದಳು. ಸುಭದ್ರಾ ನನ್ನ ಮುಖ ನೋಡಿದಳು.

"ಪುಸ್ತಕದಾಗ ಓದಿದೆ" ಎಂದೆ.