ನುಗ್ಗೆ ಗಿಡದ ತನಕ ಒಂದು ರೈಲು

ಗೋಕಾಕ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಸೋಮಶೇಖರನಿಗೆ ಚಿಕ್ಕಂದಿನಿಂದಲೂ ರೈಲಿನ ಹುಚ್ಚು ಇತ್ತು ಎಂದು ಈಗ ಓಣಿಯಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಶುದ್ಧ ಸುಳ್ಳು. ಗೋಕಾಕದವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಿ ಸ್ಟೇಷನ್ನಿಗೆ ಹೋಗಬೇಕು. ಹೇಗೂ ಬಸ್ಸು ಹತ್ತಿದ್ದಾಗಿದೆ, ಮತ್ತೆ ಇಳಿಯುವುದು ಯಾಕೆ ಎಂದು ಬಸ್ಸಿನಲ್ಲೇ ಮುಂದೆ ಹೋಗುವ ಪೈಕಿ ಅವನು. ಯಂತ್ರದ ಹುಚ್ಚಂತೂ ಇರಲೇ ಇಲ್ಲ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವಳು ಹೆಂಡತಿ ದಾಕ್ಷಾಯಿಣಿ. ಇವನು ಕೆಳಗೆ ಸ್ಟೂಲು ಹಿಡಿದು ನಿಂತು ಹುಷಾರು, ಹುಷಾರು ಅನ್ನುತ್ತಿದ್ದ.

ಹುಚ್ಚು ಹಿಡಿದದ್ದು ನಿವೃತ್ತಿಯ ಮೇಲೆ, ಮೊಬೈಲಿನಿಂದ. ಮೊಣಕಾಲು ನೋವಿಗೆ ವ್ಯಾಯಾಮ ಹುಡುಕುತ್ತಿದ್ದವನ ಮುಂದೆ ಒಂದು ವಿಡಿಯೋ ತಾನಾಗಿ ತೆರೆದುಕೊಂಡಿತು. ಯಾವುದೋ ದೇಶದ ಬಿಳಿಗಡ್ಡದ ಮುದುಕ. ಆಡಿನ ಮರಿಯಷ್ಟು ಎತ್ತರದ ಉಗಿಬಂಡಿ, ಅದರ ಹಿಂದೆ ಗಾಲಿ ಹಚ್ಚಿದ ಮಣೆ, ಮಣೆಯ ಮೇಲೆ ಕಾಲು ಅಗಲಿಸಿ ಕೂತು ಮುದುಕ ತನ್ನ ತೋಟ ಸುತ್ತುತ್ತಿದ್ದಾನೆ. ಆಟಿಕೆಯಲ್ಲ. ಒಳಗೆ ಖರೆ ಬೆಂಕಿ, ಖರೆ ಉಗಿ. ಮುದುಕ ಎಲ್ಲಿಗೂ ಹೋಗುತ್ತಿರಲಿಲ್ಲ, ಹೊರಟಲ್ಲಿಗೇ ಬಂದು ಮತ್ತೆ ಹೊರಡುತ್ತಿದ್ದ. ಮುಖದ ಮೇಲೆ ಮಾತ್ರ ಕೇಸು ಗೆದ್ದವರ ಕಳೆ. ಜೀವಮಾನವೆಲ್ಲ ಕೋರ್ಟಿನಲ್ಲಿ ಕೂತ ಸೋಮಶೇಖರನಿಗೆ ಹೊರಟಲ್ಲಿಗೇ ಬರುವುದು ಹೊಸದಲ್ಲ. ಅದಕ್ಕೆ ಅಷ್ಟು ಖುಷಿ ಪಡುವವರನ್ನು ಅವನು ಮೊದಲ ಸಲ ನೋಡಿದ. ವ್ಯಾಯಾಮ ಅಲ್ಲಿಗೇ ನಿಂತಿತು.

ವಿಡಿಯೋದವರು ಕೊಟ್ಟ ನಕ್ಷೆಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು ಅವನು ಮೂಡಲಗಿಗೆ ಹೋದ. ಅಲ್ಲಿ ಬೀರಸಿದ್ದಪ್ಪನ ಲೇತ್ ಅಂಗಡಿ ಇದೆ. ಬೀರಸಿದ್ದಪ್ಪನ ಅಣ್ಣಂದಿರೆಲ್ಲ ಇನ್ನೂ ಕುರಿ ಕಾಯುತ್ತಾರೆ, ಇವನೊಬ್ಬ ಕಬ್ಬಿಣ ಕಡೆಯುತ್ತಾನೆ. ಅವನು ಮಾಡುವುದು ಹೆಚ್ಚಾಗಿ ಕಬ್ಬಿನ ಟ್ರೇಲರಿನ ಕೊಂಡಿ ಮತ್ತು ಪಂಪಿನ ಶಾಫ್ಟು. ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದ:

“ಇದು ಏನ ಎಳೀತೈತ್ರಿ ಸಾಹೇಬ್ರ?”

“ನನ್ನ.”

“ಎಲ್ಲಿತನಾ?”

“ಬಚ್ಚಲ ಬಾಗಲದಿಂದ ನುಗ್ಗಿ ಗಿಡದ ತನಾ.”

“ಅಲ್ಲಿಂದ?”

“ಹೊಳ್ಳಿ ಬಚ್ಚಲಕ್ಕ.”

ಬೀರಸಿದ್ದಪ್ಪ ನಕ್ಷೆ ಮಡಚಿದ. ಕಬ್ಬಿನ ಟ್ರೇಲರಾದರೂ ಮಾಡುವುದು ಇದನ್ನೇ, ಹೋಗುವುದು ಬರುವುದು. ಆತ್ರಿ, ಮಾಡೂಣು ಎಂದ. ಅವನಲ್ಲಿ ಇದ್ದದ್ದು ಒಂದೇ ದೋಷ. ತನ್ನ ಕೈಯಿಂದ ಹೊರಬಿದ್ದದ್ದೆಲ್ಲ ಹತ್ತು ಟನ್ ಕಬ್ಬು ತಾಳಬೇಕು ಎಂದು ಅವನ ನಂಬಿಕೆ. ನಕ್ಷೆಯಲ್ಲಿ ಒಂದು ಬೆರಳು ದಪ್ಪ ಇದ್ದ ಗಾಲಿ ಅವನ ಕೈಯಲ್ಲಿ ಎರಡು ಬೆರಳು ದಪ್ಪವಾಯಿತು. ಉಗಿ ಹೆಚ್ಚಾದರೆ ಹೊರಗೆ ಬಿಡಲು ಕುಕ್ಕರಿನ ಸೀಟಿಯನ್ನೇ ಕೂರಿಸಿದ, ಅದರ ಮೇಲೊಂದು ಕಬ್ಬಿಣದ ಬಿಲ್ಲೆ ಏರಿಸಿದ. ಬಾಯ್ಲರಿನ ಶಾಖ ಹೊರಗೆ ಹೋಗಬಾರದು, ಏನಾದರೂ ಸುತ್ತಬೇಕು ಅಂದಾಗ ಅಣ್ಣನ ಮನೆಯಿಂದ ಕಂಬಳಿಯ ತುಂಡು ತಂದುಕೊಟ್ಟ.

ಬಾಯ್ಲರಿಗೆ ಮಾತ್ರ ಕಬ್ಬಿಣ ನಡೆಯುವುದಿಲ್ಲ, ತಾಮ್ರವೇ ಆಗಬೇಕು, ಅದೂ ದಪ್ಪಗೆ ಇರಬೇಕು ಎಂದು ಬಿಳಿಗಡ್ಡದವನು ಇನ್ನೊಂದು ವಿಡಿಯೋದಲ್ಲಿ ಹೇಳಿದ್ದ. ಗೋಕಾಕದ ಪೇಟೆಯಲ್ಲಿ ಸಿಕ್ಕ ತಾಮ್ರದ ತಗಡು ಹಪ್ಪಳದಂತೆ ಇತ್ತು. ಹೀಗೆ ತಾಮ್ರ ತಾಮ್ರ ಎಂದು ಹಲುಬುತ್ತಿದ್ದವನ ಕಣ್ಣಿಗೆ ಒಂದು ದಿನ ಬಚ್ಚಲ ಮೂಲೆಯ ಬಂಬ್ ಬಿತ್ತು.

ಬಂಬ್ ಅಂದರೆ ಸ್ನಾನದ ನೀರು ಕಾಯಿಸುವ ದಪ್ಪ ತಾಮ್ರದ ಪಾತ್ರೆ. ನಡುವೆ ಕೊಳವೆಯಲ್ಲಿ ಬೆಂಕಿ, ಸುತ್ತಲೂ ನೀರು, ಕೆಳಗೆ ನಲ್ಲಿ. ದಾಕ್ಷಾಯಿಣಿಯ ತವರು ಕಲ್ಲೋಳಿ. ಮದುವೆಯಾದ ಹೊಸದರಲ್ಲಿ ಮಗಳನ್ನು ನೋಡಲು ಬಂದ ಅವಳ ಅಪ್ಪ ಪರಪ್ಪ, ಅವಳು ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಹಂಡೆಯ ಒಲೆ ಊದುವುದನ್ನು ಕಂಡ. ಅಲ್ಲಿಂದಲೇ ಎದ್ದು ಹೋದ. ಮುಂದಿನ ವಾರ ಬಸ್ಸಿನ ಟಾಪಿನ ಮೇಲೆ ಬಂಬ್ ಕಟ್ಟಿಸಿಕೊಂಡು ಬಂದ. ಆಮೇಲೆ ಮನೆಗೆ ಗೀಜರ್ ಬಂತು, ಪರಪ್ಪ ತೀರಿಕೊಂಡ, ಬಂಬ್ ಮೂಲೆ ಸೇರಿತು. ಆದರೆ ಪ್ರತಿ ದೀಪಾವಳಿಗೆ ಅದು ಹೊರಗೆ ಬರುತ್ತಿತ್ತು. ನೀರು ತುಂಬುವ ಹಬ್ಬದ ದಿನ ದಾಕ್ಷಾಯಿಣಿ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ನೀರು ತುಂಬಿ, ವಿಭೂತಿ ಹಚ್ಚಿ, ಮರುದಿನ ನಸುಕಿನಲ್ಲಿ ಎಲ್ಲರ ಎಣ್ಣೆ ನೀರಿಗೆ ಅದರಲ್ಲೇ ಕಾಯಿಸುತ್ತಿದ್ದಳು. ಗೀಜರನ್ನು ಅವಳು ಒಲೆ ಎಂದು ಒಪ್ಪಿರಲೇ ಇಲ್ಲ. ಹೊಸ ಒಲೆಗೆ ಮೊದಲು ಹಾಲು ಉಕ್ಕಿಸಬೇಕು, ಅದು ಮೂಡಲ ದಿಕ್ಕಿಗೆ ಉಕ್ಕಿದರೆ ಶುಭ. ಗೀಜರ್ ಬಂದ ದಿನ ಹಾಲಿನ ತಂಬಿಗೆ ಹಿಡಿದು ಅದರ ಸುತ್ತ ನೋಡಿದಳು, ಎಲ್ಲಿ ಸುರಿಯಬೇಕೆಂದು ತಿಳಿಯಲಿಲ್ಲ. ಅಂದಿನಿಂದ ಅದು ಅವಳ ಲೆಕ್ಕದಲ್ಲಿ ಬರೀ ಒಂದು ಡಬ್ಬಿ.

ಇದೆಲ್ಲ ಸೋಮಶೇಖರನಿಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಲಿಲ್ಲ. ನಾಗರಪಂಚಮಿಗೆ ಅವಳು ತವರಿಗೆ ಹೋದಳು. ಅವಳು ಅತ್ತ ತವರಿನಲ್ಲಿ ಜೋಕಾಲಿ ಆಡುತ್ತಿದ್ದಾಗ ಈ ಪುಣ್ಯಾತ್ಮ ಇತ್ತ ತವರಿನ ಬಂಬ್ ಕೊಯ್ಯುತ್ತಿದ್ದ. ಹ್ಯಾಕ್ಸಾ ಬ್ಲೇಡು ಹಿಡಿದದ್ದು ಅದೇ ಮೊದಲು. ಎರಡು ಬ್ಲೇಡು ಮುರಿದವು, ಹೆಬ್ಬೆರಳು ಕುಯ್ದುಕೊಂಡ, ಆದರೂ ಕೊಯ್ದು ಮುಗಿಸಿದ. ನಡುಗೊಳವೆ ಬಾಯ್ಲರಿನ ಹೊಟ್ಟೆಯಾಯಿತು, ಮೈಯ ತಗಡು ಎರಡು ಕಡೆಯ ಮುಚ್ಚಳವಾಯಿತು. ಅದನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಹುಕ್ಕೇರಿಗೆ ಹೋಗಿ, ಫ್ರಿಜ್ ರಿಪೇರಿ ಮಾಡುವ ಅಶೋಕನ ಹತ್ತಿರ ಬೆಸುಗೆ ಹಾಕಿಸಿದ. ಫ್ರಿಜ್ಜಿನ ತಾಮ್ರದ ಪೈಪು ಬೆಸೆಯುವವನಿಗೆ ಇದೇನು ಮಹಾ. ಸಂಜೆಯ ಬಸ್ಸಿನಲ್ಲಿ ಬಾಯ್ಲರನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಜನ್ಮದಲ್ಲಿ ಮೊದಲ ಸಲ ತನ್ನ ಕೈಯಿಂದ ಒಂದು ಕೆಲಸ ಆಗಿದೆ, ದಾಕ್ಷಾಯಿಣಿಗೆ ತೋರಿಸಬೇಕು ಎಂದು ಅವನ ಜೀವ ತಹತಹಿಸುತ್ತಿತ್ತು.

ತೋರಿಸಿದ. ಅವಳು ಪಂಚಮಿ ಉಂಡಿಯ ಡಬ್ಬಿಯನ್ನು ಕೆಳಗಿಟ್ಟು, ಬಾಯ್ಲರನ್ನು ನೋಡಿದಳು, ಬಚ್ಚಲ ಮೂಲೆಯನ್ನು ನೋಡಿದಳು.

“ದೀಪಾವಳಿಗೆ ನೀರು ಎದರಾಗ ಕಾಸೂಣು?”

“ಗೀಜರ್ ಐತೆಲ್ಲ,” ಎಂದ ಸೋಮಶೇಖರ.

ಅಷ್ಟೇ. ಆ ಮನೆಯಲ್ಲಿ ಗಂಡ ಹೆಂಡತಿಯ ಮಾತು ಅಲ್ಲಿಗೆ ಮುಗಿಯಿತು.

ಜಗಳವಾಡಿದ್ದರೆ ಚೆನ್ನಾಗಿತ್ತು. ಅವಳು ಜಗಳವಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಅತ್ತೆ ಸತ್ತೆವ್ವನಿಗೆ ಹೇಳತೊಡಗಿದಳು. ಸತ್ತೆವ್ವನಿಗೆ ಎರಡೂ ಕಿವಿ ದೂರ, ಕುಕ್ಕರಿನ ಸೀಟಿ ಒಂದು ಬಿಟ್ಟು ಜಗತ್ತಿನಲ್ಲಿ ಬೇರೇನೂ ಕೇಳುವುದಿಲ್ಲ. ಹೀಗಾಗಿ, ಊಟಕ್ಕೆ ಬರಲು ಹೇಳಿರಿ, ಅಂಗಿ ಒಗೆಯಲು ಹಾಕಲು ಹೇಳಿರಿ ಎಂದು ದಾಕ್ಷಾಯಿಣಿ ಕೂಗಿದ್ದು ಸತ್ತೆವ್ವನನ್ನು ಬಿಟ್ಟು ಓಣಿಗೆಲ್ಲ ಕೇಳುತ್ತಿತ್ತು. ಸೋಮಶೇಖರ ಬಂದು ಉಣ್ಣುತ್ತಿದ್ದ. ಮೊದಮೊದಲು ಇದು ಮುಂದಿನ ತಾರೀಖಿಗೆ ಹೋದ ಕೇಸು, ತಾನಾಗಿ ರಾಜಿಯಾಗುತ್ತದೆ ಅಂದುಕೊಂಡ. ಆಗಲಿಲ್ಲ. ಬೆಳಗಾವಿಗೆ ಹೋಗಿ ಹೊಸ ಬಂಬ್ ತಂದಿಟ್ಟ. ಅವಳು ಅದನ್ನು ಮುಟ್ಟಲೂ ಇಲ್ಲ.

“ಅತ್ತಿ, ಯಾರದೋ ಬಂಬ ನಮ್ಮ ಮನ್ಯಾಗ ಬಂದೈತಿ. ಒಯ್ದು ಕೊಟ್ಟ ಬರಾಕ ಹೇಳ್ರಿ.”

ಅವನು ಒಯ್ದು ಕೊಟ್ಟು ಬಂದ. ಬರುವಾಗ ಬಸ್ಸಿನಲ್ಲಿ ಅವನಿಗೆ ತಾನು ಕೊಯ್ದದ್ದು ಏನನ್ನು ಎಂದು ಸರಿಯಾಗಿ ಅರ್ಥವಾಯಿತು. ಈಗ ಎಂಜಿನ್ ಕೈಬಿಡುವಂತೆಯೂ ಇಲ್ಲ. ಕೈಬಿಟ್ಟರೆ ಪರಪ್ಪ ಮಾವ ಬಸ್ಸಿನ ಟಾಪಿನ ಮೇಲೆ ತಂದದ್ದು ಸುಮ್ಮನೆ ಹಾಳಾದಂತೆ. ಓಡಿದರೆ ಅವಳು ಮಾತಾಡುತ್ತಾಳೆ ಎಂದು ಅವನೇನೂ ನಂಬಿರಲಿಲ್ಲ. ಓಡದಿದ್ದರೆ ಇನ್ನೆಂದೂ ಮಾತಾಡುವುದಿಲ್ಲ ಎಂಬುದನ್ನು ಮಾತ್ರ ನಂಬಿದ್ದ. ದೀಪಾವಳಿಗೆ ಓಡಿಸಲೇಬೇಕು ಎಂದು ಹಟ ಹಿಡಿದ. ಮೊಣಕಾಲು ನೋವು ಮರೆತುಹೋಗಿ ವಾರಕ್ಕೆ ಮೂರು ಸಲ ಮೂಡಲಗಿಗೆ ಹೋದ. ಎಲ್ಲ ಜೋಡಿಸಿದ ಮೇಲೆ ಬೀರಸಿದ್ದಪ್ಪ ಬಾಜೂಕಿನ ಪಂಕ್ಚರ್ ಅಂಗಡಿಯಿಂದ ಗಾಳಿಯ ಪೈಪು ಎಳೆದು ಹಚ್ಚಿದ, ಗಾಲಿಗಳು ಗರಗರ ತಿರುಗಿದವು. ಗಾಳಿಗೆ ತಿರುಗಿದ್ದು ಉಗಿಗೂ ತಿರುಗಬೇಕು. ಹಿತ್ತಲಲ್ಲಿ ಬಚ್ಚಲ ಬಾಗಿಲಿನಿಂದ ನುಗ್ಗೆ ಗಿಡದವರೆಗೆ ಗೇಣಗಲದ ಹಳಿ ಬಿತ್ತು. ದಾಕ್ಷಾಯಿಣಿ ಅದನ್ನು ದಾಟಿಕೊಂಡೇ ಬಟ್ಟೆ ಒಣಹಾಕಲು ಹೋಗುತ್ತಿದ್ದಳು, ಒಂದು ಸಲವೂ ಕೆಳಗೆ ನೋಡಲಿಲ್ಲ.

ನೀರು ತುಂಬುವ ಹಬ್ಬದ ಬೆಳಿಗ್ಗೆ ಮುಹೂರ್ತ ಇಟ್ಟುಕೊಂಡ. ಎಂಜಿನ್ನನ್ನು ಹಳಿಯ ಮೇಲೆ ಕೂರಿಸಿ, ಬಾಯ್ಲರಿನಲ್ಲಿ ಮುಕ್ಕಾಲು ಭಾಗ ಫಿಲ್ಟರ್ ನೀರು ತುಂಬಿದ. ಶುದ್ಧ ನೀರು ಬಿಟ್ಟು ಒಂದು ಹನಿ ಬೇರೆ ಹೋಗಬಾರದು, ಹೋದರೆ ಒಳಗಿನ ಸಣ್ಣ ಪೈಪುಗಳ ಕತೆ ಮುಗಿಯಿತು ಎಂದು ಬಿಳಿಗಡ್ಡದವನು ಎಲ್ಲ ವಿಡಿಯೋದಲ್ಲೂ ಹೇಳುತ್ತಿದ್ದ. ಅದನ್ನು ಯಾರೂ ಮುಟ್ಟಬೇಡಿರಿ ಎಂದು ಸೋಮಶೇಖರ ತಾಯಿಗೆ ಕೂಗಿ ಹೇಳಿ, ಬೀರಸಿದ್ದಪ್ಪನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದ.

ಬಂದು ಇಬ್ಬರೂ ಬೆಂಕಿ ಹಚ್ಚಿದರು. ಇಸ್ತ್ರಿಯವನ ಹತ್ತಿರ ತಂದ ಇದ್ದಿಲು ಚೆನ್ನಾಗಿ ಹೊತ್ತಿತು, ಕಂಬಳಿ ಬೆಚ್ಚಗಾಗಿ ಕುರಿಯ ವಾಸನೆ ಎದ್ದಿತು. ಹಿತ್ತಲ ಬಾಗಿಲಲ್ಲಿ ಸತ್ತೆವ್ವ ಕೂತಿದ್ದಳು, ಅವಳ ಹಿಂದೆ ದಾಕ್ಷಾಯಿಣಿ ಬಂದು ನಿಂತಳು. ಅವಳು ಬಂದದ್ದನ್ನು ಕಂಡು ಸೋಮಶೇಖರ ಇನ್ನೊಂದು ಹಿಡಿ ಇದ್ದಿಲು ಹಾಕಿದ. ಸೀಟಿ ಕೂಗಿತು. ಬೇಳೆ ಬೆಂದಿದೆ, ಇಳಿಸು ಎಂದಳು ಸತ್ತೆವ್ವ. ಸೋಮಶೇಖರ ಮಣೆಯ ಮೇಲೆ ಕಾಲು ಅಗಲಿಸಿ ಕೂತು ಹಿಡಿಕೆ ತಿರುಗಿಸಿದ. ಎಂಜಿನ್ ಒಮ್ಮೆ ಕೆಮ್ಮಿ ಅವನನ್ನು ಎಳೆದುಕೊಂಡು ಹೊರಟಿತು.

ಒಂದು ಮಾರು ಹೋಗಿರಬೇಕು. ಚಿಮಣಿಯಿಂದ ಬೆಳ್ಳಗೆ ಹೊರಬಿದ್ದದ್ದು ಮೇಲೆ ಹಾರದೆ ಬುಳುಬುಳು ನೊರೆಯಾಗಿ ಕೆಳಗೆ ಇಳಿಯಿತು. ಸೀಟಿಯ ಬುಡದಲ್ಲೂ ಅದೇ ನೊರೆ. ಹಿತ್ತಲೆಲ್ಲ ಸೀದ ವಾಸನೆ. ಎಂಜಿನ್ ಗೊರಗೊರ ಅಂದು ನಿಂತುಬಿಟ್ಟಿತು. ಬೀರಸಿದ್ದಪ್ಪ ನೊರೆಯನ್ನು ಬೆರಳಿನಿಂದ ತೆಗೆದು ಮೂಸಿ ನೋಡಿದ.

“ಸಾಹೇಬ್ರ, ಹಾಲು.”

ಸೋಮಶೇಖರನಿಗೆ ಸಿಟ್ಟು ನೆತ್ತಿಗೇರಿತು. ಶ್ರಾವಣದಿಂದ ಪಟ್ಟ ಪಾಡೆಲ್ಲ ಒಂದು ತಂಬಿಗೆ ಹಾಲಿನಲ್ಲಿ ಹೋಯಿತು, ಬೇಕೆಂದೇ ಸೇಡು ತೀರಿಸಿಕೊಂಡಳು ಅಂದುಕೊಂಡು ತಿರುಗಿದ. ದಾಕ್ಷಾಯಿಣಿ ಬಾಗಿಲು ಬಿಟ್ಟು ಹಳಿಯ ಹತ್ತಿರ ಬಂದಿದ್ದಳು. ಕೈಯಲ್ಲಿ ವಿಭೂತಿ ಇತ್ತು. ಅತ್ತೆಗಲ್ಲ, ನೇರವಾಗಿ ಅವನಿಗೇ ಹೇಳಿದಳು:

“ಹೊಸಾ ಒಲಿಗೆ ಮದಲ ಹಾಲ ಉಕ್ಕಬೇಕ್ರಿ. ಬಂಬ ತಂದ ದಿನಾ ನಮ್ಮಪ್ಪನೂ ಅದರಾಗ ಹಾಲ ಹಾಕೇ ಉರಿ ಹಚ್ಚಿದ್ದ.” ನೊರೆ ಇಳಿಯುತ್ತಿದ್ದ ಚಿಮಣಿಯ ಕಡೆ ನೋಡಿದಳು. “ಉಕ್ಕಿತಿಲ್ರಿ?”

ಬೀರಸಿದ್ದಪ್ಪ ಪೈಪಿನೊಳಗೆ ಏನಾಗಿರುತ್ತದೆ ಎಂದು ವಿವರಿಸಲು ಬಾಯಿ ತೆರೆದ. ಸೋಮಶೇಖರ ಅವನ ತೋಳು ಒತ್ತಿ ಹಿಡಿದ.

“ಉಕ್ಕಿತು,” ಎಂದ. “ಮೂಡಲಕ್ಕ ಉಕ್ಕಿತು.”

ಅವಳು ಬಾಗಿ, ಕಂಬಳಿ ಸರಿಸಿ ಬಾಯ್ಲರಿನ ನೆತ್ತಿಗೆ ವಿಭೂತಿ ಹಚ್ಚಿದಳು. ತಾಮ್ರ ಚುರ್ ಅಂದು ಬೆರಳು ಸುಟ್ಟಿರಬೇಕು, ತೋರಿಸಿಕೊಳ್ಳಲಿಲ್ಲ. ನಾಳೆಯ ಎಣ್ಣೆ ನೀರಿಗೆ ಇದರಲ್ಲಿ ಎಷ್ಟು ಕಾಯುತ್ತವೆ ಎಂದು ಕೇಳಿದಳು. ಎರಡು ತಂಬಿಗೆ ಎಂದ. ಹಾಗಾದರೆ ತೊಳೆದು ಕೊಡಿರಿ ಎಂದು ಹೇಳಿ ಒಳಗೆ ಹೋದಳು.

ಮಧ್ಯಾಹ್ನವೆಲ್ಲ ಸೋಮಶೇಖರ, ಬೀರಸಿದ್ದಪ್ಪ ಇಬ್ಬರೂ ಹುಣಸೆಹಣ್ಣು, ಬಿಸಿನೀರು ಹಾಕಿ ಸೀದ ಹಾಲು ತಿಕ್ಕಿದರು. ಬಾಯ್ಲರ್ ಬಿಚ್ಚಿ ಬಂತು, ಸ್ವಚ್ಛವೂ ಆಯಿತು. ಸಿಲಿಂಡರು ಮತ್ತು ಸಣ್ಣ ಪೈಪುಗಳು ಕೆನೆ ಕಟ್ಟಿ ಕೂತಿದ್ದವು, ಅವನ್ನು ಬೀರಸಿದ್ದಪ್ಪ ಚೀಲದಲ್ಲಿ ತುಂಬಿಕೊಂಡ. ಹೊಸದಾಗಿ ಕಡೆಯಬೇಕು, ಯುಗಾದಿ ಆದೀತು ಎಂದ. ಆಗಲಿ ಎಂದ ಸೋಮಶೇಖರ. ಬೀರಸಿದ್ದಪ್ಪ ಹೋಳಿಗೆ ಉಂಡು ಸಂಜೆಯ ಬಸ್ಸು ಹಿಡಿದ.

ಮರುದಿನ ನಸುಕಿನಲ್ಲಿ ಬಚ್ಚಲಲ್ಲಿ ಮೂರು ಇಟ್ಟಿಗೆಯ ಮೇಲೆ ಬರೀ ಬಾಯ್ಲರ್ ಕೂತಿತ್ತು, ಕೆಳಗೆ ಉರಿ. ಸೀಟಿ ಕೂಗಿತು. ನೀರು ಕಾದವು ಎಂದಳು ಸತ್ತೆವ್ವ, ಈ ಸಲ ಸರಿಯಾಗಿ. ಎಣ್ಣೆ ಹಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತ ಗಂಡನ ತಲೆಯ ಮೇಲೆ ದಾಕ್ಷಾಯಿಣಿ ಮೊದಲ ತಂಬಿಗೆ ಸುರಿದಳು. ನೀರಿಗೆ ಸೀದ ಹಾಲಿನ ವಾಸನೆ ಇತ್ತು. ಅವಳು ಕೇಳಿದಳು:

“ಅದು ತಯಾರ ಆದ ಮ್ಯಾಲ ಇಬ್ರನ್ನ ಎಳೀತೈತೇನ್ರಿ?”

“ಎಳೀತೈತಿ,” ಎಂದ ಅವನು ಮುಖದ ನೀರು ಒರೆಸಿಕೊಳ್ಳುತ್ತ. “ಗಾಲಿ ದಪ್ಪ ಅದಾವು.”

ಅವಳು ಎರಡನೆಯ ತಂಬಿಗೆ ಸುರಿದಳು.